ಹಾನಗಲ್ಲಿನಲ್ಲಿ ಹೂಡಿದ ಆಟ

ಹಾನಗಲ್ಲಿನವರು ತಮ್ಮ ಊರನ್ನು ವಿರಾಟನಗರವೆಂದು ಹೇಳಿಕೊಳ್ಳುವುದುಂಟು. ಶಾಸನಗಳಲ್ಲಿ ಈ ಊರಿನ ಹೆಸರು ಪಾನುಂಗಲ್. ವಿರಾಟನ ಸಂಗತಿ ಇತಿಹಾಸದ ತಕ್ಕಡಿಯಲ್ಲಿ ತೂಗುವಂಥದಲ್ಲ. ಆದರೂ ಆ ಐತಿಹ್ಯಕ್ಕೊಂದು ಸ್ವಾರಸ್ಯವಿದೆ. ಇಂದ್ರಪ್ರಸ್ಥವನ್ನೇ ಜೂಜಿನಲ್ಲಿ ಕಳೆದುಕೊಂಡ ಧರ್ಮರಾಯ ವಿರಾಟನ ಆಸ್ಥಾನಕ್ಕೆ ಬಂದದ್ದು ಕಂಕನೆಂಬ ಹೆಸರಿನಿಂದ, ಅದೂ ಅರಸನೊಡನೆ ದಾಳವಾಡುವ ಸಂಗಾತಿಯಾಗಿ! ಕಾಡಿನಲ್ಲಿದ್ದಾಗ ಬೃಹದಶ್ವ ಋಷಿಯು ನಳನ ಕಥೆಯನ್ನು ಹೇಳಿ ಅವನಿಗೆ ಅಕ್ಷಹೃದಯವನ್ನು ಉಪದೇಶಿಸಿದನಷ್ಟೆ. ಸೋತವನು ಆಟವನ್ನು ಬಯ್ದು ಕೂರಲಿಲ್ಲ, ಕಲಿತ.

ಈಗಿನ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ದಂಡು ಕಟ್ಟುವ ಆಟಗಳನ್ನು ಆಡುತ್ತಾರೆ. 1997ರಲ್ಲಿ ಹೊರಬಂದ ‘ಏಜ್ ಆಫ್ ಎಂಪೈರ್ಸ್’ ಅಂಥದೊಂದು. ಚದುರಂಗದಲ್ಲಿ ಒಬ್ಬನ ನಡೆ ಮುಗಿಯುವವರೆಗೆ ಇನ್ನೊಬ್ಬ ಕಾಯುತ್ತಾನೆ. ಇಲ್ಲಿ ಕಾಯುವ ಮಾತಿಲ್ಲ. ಇಬ್ಬರೂ ಏಕಕಾಲಕ್ಕೆ ಆಹಾರ ಕೂಡಿಡಬೇಕು, ಮರ ಕಡಿಯಬೇಕು, ಸೈನ್ಯ ಬೆಳೆಸಬೇಕು. ಪಂದ್ಯಕ್ಕಿಳಿಯುವವರು ಮುಗಿದ ಆಟವನ್ನು ಮತ್ತೆ ಓಡಿಸಿ ನೋಡಿ, ತಾವು ಎಲ್ಲಿ ತಡಮಾಡಿದೆವೆಂದು ಹುಡುಕುತ್ತಾರೆ. ನಿಜವಾದ ಯುದ್ಧದಲ್ಲಿ ಈ ಸೌಕರ್ಯ ಎಲ್ಲಿ ಬಂತು ಎಂದು ಯೋಚಿಸಿದಾಗ ನನಗೆ ನೆನಪಾದದ್ದು ಹಾನಗಲ್ಲಿನ ಒಂದು ವೀರಗಲ್ಲು.

ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಚದುರಂಗವನ್ನು ಕುರಿತು ಬರೆದಿದ್ದಾನೆ. ಪಾಪ, ಆ ಶತಮಾನ ಮುಗಿಯುವುದರೊಳಗೆ ಅವನ ವಂಶದ ರಾಜ್ಯವೇ ಮುಳುಗಿತು. ಅದನ್ನು ಹಂಚಿಕೊಳ್ಳಲು ದಕ್ಷಿಣದಿಂದ ಹೊಯ್ಸಳರೂ ಉತ್ತರದಿಂದ ಸೇವುಣರೂ ಬಂದು ನಿಂತರು. ಇಮ್ಮಡಿ ಬಲ್ಲಾಳನಿಗೆ ಈ ಸೀಮೆ ಹೊಸದೇನಲ್ಲ. ಅವನ ಅಜ್ಜ ವಿಷ್ಣುವರ್ಧನ ಹಾನಗಲ್ಲನ್ನು ಹಿಡಿದಿದ್ದ. ಈಗ ಶಿಗ್ಗಾಂವಿ ತಾಲ್ಲೂಕಿನಲ್ಲಿರುವ ಬಂಕಾಪುರದಲ್ಲಿ ಬೀಡುಬಿಟ್ಟು ಆಳಿದ್ದ. ಹಿಡಿದದ್ದು ಮೊಮ್ಮಗನವರೆಗೆ ಉಳಿದಿರಲಿಲ್ಲ, ಅಷ್ಟೆ.

1196ರಲ್ಲಿ ಬಲ್ಲಾಳನು ಬಂದು ಆನೆಕೆರೆಯಲ್ಲಿ ಪಾಳೆಯ ಬಿಟ್ಟು, ಅಲ್ಲಿಂದ ಊರಿಗೆ ಮುತ್ತಿಗೆ ಹಾಕಿದ. ಈ ಮೊದಲ ನಡೆಯನ್ನು ಗಮನಿಸಬೇಕು. ಮುತ್ತಿಗೆಯ ದಂಡಿಗೆ ಕತ್ತಿಗಿಂತ ಮೊದಲು ಬೇಕಾದದ್ದು ನೀರು. ಆನೆ ಕುದುರೆಗಳಿರುವ ಪಾಳೆಯ ದೊಡ್ಡ ಕೆರೆಯಿಲ್ಲದೆ ಹೆಚ್ಚು ದಿನ ನಿಲ್ಲದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಎದುರಾಳಿಯೂ ಸುಮ್ಮನೆ ಕುಳಿತಿರಲಿಲ್ಲ. ಕದಂಬ ಕಾಮದೇವನ ದಂಡನಾಯಕ ಸೋಹಣಿಯೂ ಅವನ ಮಗ ಪದ್ಮಯ್ಯನೂ ಮೇಲೆಬಿದ್ದು ಹೊಯ್ಸಳನನ್ನು ಹಿಮ್ಮೆಟ್ಟಿಸಿದರು. ಸೋಹಣಿ ಆ ಕಾಳಗದಲ್ಲಿಯೇ ಮಡಿದ. ವೀರಗಲ್ಲು ಹೇಳುವ ಕಥೆ ಇದು.

ಗೆದ್ದವರು ನೆಟ್ಟ ಕಲ್ಲಿನಲ್ಲಿ ಸೋತವನ ಯೋಚನೆಯನ್ನು ಹುಡುಕುವುದು ವ್ಯರ್ಥ. ಆದರೂ ಎರಡು ಕಡೆಯ ಗಂಟನ್ನು ತೂಗಿ ನೋಡಬಹುದು. ಬಲ್ಲಾಳನು ಇದಕ್ಕೆ ಕೆಲವೇ ವರ್ಷಗಳ ಹಿಂದೆ ಸೊರಟೂರಿನಲ್ಲಿ ಸೇವುಣ ಭಿಲ್ಲಮನನ್ನು ಸೋಲಿಸಿ ಲಕ್ಕುಂಡಿಯಲ್ಲಿ ನೆಲೆನಿಂತಿದ್ದವನು. ಒಂದು ಮುತ್ತಿಗೆ ಮುರಿದರೆ ಇನ್ನೊಂದಕ್ಕೆ ಜನವನ್ನೂ ಧಾನ್ಯವನ್ನೂ ತರಿಸುವಷ್ಟು ನಾಡು ಅವನ ಬೆನ್ನಿಗಿತ್ತು. ಕಾಮದೇವನಿಗಾದರೋ ಗೆಲುವಿನ ದಿನವೇ ದಂಡನಾಯಕನ ನಷ್ಟ. ಆ ಗೆಲುವು ಅವನನ್ನು ಇನ್ನಷ್ಟು ಬಡವನನ್ನಾಗಿ ಮಾಡಿತೆಂದೇ ನನ್ನ ಎಣಿಕೆ. ಹೆಚ್ಚು ಕಾಲ ಸಲ್ಲಲಿಲ್ಲ. ಬಲ್ಲಾಳ ಕದಂಬರನ್ನು ಮಣಿಸಿದ, ಪಾನುಂಗಲ್ಲು ಹೊಯ್ಸಳರ ಕೈಸೇರಿತು.