ಸೂಪರ್‌ಹೀರೋ ಕಾಮಿಕ್ಸ್: ಕಥೆಯ ತಿರುವುಗಳು ಮತ್ತು ಓದುಗರ ಪ್ರತಿಕ್ರಿಯೆ

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೊದಲಾದ ನಾಯಕರ ಕಥೆಗಳನ್ನು ಅಮೆರಿಕದ ಡಿಸಿ ಮತ್ತು ಮಾರ್ವೆಲ್ ಸಂಸ್ಥೆಗಳು ದಶಕಗಳಿಂದ ಸಂಚಿಕೆಗಳಾಗಿ ಹೊರತರುತ್ತಿವೆ. ಪಾತ್ರಗಳ ಒಡೆತನ ಸಂಸ್ಥೆಯದು. ಬರೆಯುವವರು, ಚಿತ್ರಿಸುವವರು ಬಂದುಹೋಗುತ್ತಾರೆ. ಹತ್ತಿಪ್ಪತ್ತು ವರ್ಷ ಒಂದೇ ಪಾತ್ರದ ಬೆನ್ನುಹತ್ತಿದ ಓದುಗನಿಗೆ ಆ ಪಾತ್ರದ ಬಗ್ಗೆ ಹೊಸ ಕಥೆಗಾರನಿಗಿಂತ ಹೆಚ್ಚು ಗೊತ್ತಿರುವುದು ಅಪರೂಪವೇನಲ್ಲ. ಮುಖ್ಯ ಪಾತ್ರವೊಂದನ್ನು ಕೊಂದಾಗ, ಮದುವೆ ಅಳಿಸಿದಾಗ, ಹಳೆಯ ಕಥೆಯನ್ನೇ ಸುಳ್ಳೆಂದು ಸಾರಿದಾಗ ಗದ್ದಲ ಏಳುವುದು ಇದರಿಂದ.

ಈ ಗದ್ದಲದ ಇತಿಹಾಸಕ್ಕೆ ಆಕರಗಳು ಬೇಕಾದಷ್ಟಿವೆ, ನೆಚ್ಚಬಹುದಾದವು ಕಡಿಮೆ. ಓದುಗರ ಪತ್ರಗಳಲ್ಲಿ ಅಚ್ಚಾದವು ಸಂಪಾದಕರು ಆರಿಸಿದವು ಮಾತ್ರ. ಕಥೆಗಾರರ ಹೇಳಿಕೆಗಳು ಬಹುಪಾಲು ಎಷ್ಟೋ ವರ್ಷಗಳ ನಂತರದ ಸಂದರ್ಶನಗಳಲ್ಲಿವೆ. ಮಾರಾಟದ ಅಂಕಿ ಕೊಂಡವರನ್ನು ಎಣಿಸುತ್ತದೆ, ಮೆಚ್ಚಿದವರನ್ನಲ್ಲ. ತಾರೀಖುಗಳೂ ತೊಡಕಿನವೇ: ಮುಖಪುಟದ ತಿಂಗಳು ಅಂಗಡಿಗೆ ಬಂದ ತಿಂಗಳಿಗಿಂತ ಮುಂದಿರುತ್ತಿತ್ತು. ಸೂಪರ್‌ಮ್ಯಾನ್ ಸತ್ತ ಸಂಚಿಕೆ ಮಾರಾಟಕ್ಕೆ ಬಂದದ್ದು 1992ರ ನವೆಂಬರ್‌ನಲ್ಲಿ, ಮುಖಪುಟದ ಮೇಲಿರುವುದು 1993ರ ಜನವರಿ. ಬರಹಗಳಲ್ಲಿ ಎರಡು ಇಸವಿಯೂ ಕಾಣಸಿಗುತ್ತವೆ.

1960ರ ದಶಕದ ಆರಂಭದಲ್ಲಿ ಡಿಸಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಪತ್ರಗಳ ಜೊತೆ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕತೊಡಗಿದರು. ಓದುಗರು ಪರಸ್ಪರ ಪತ್ರ ಬರೆದುಕೊಳ್ಳಲು ದಾರಿಯಾದದ್ದು ಹಾಗೆ. 1961ರಲ್ಲಿ ಜೆರಿ ಬೇಲ್ಸ್ ಮತ್ತು ರಾಯ್ ಥಾಮಸ್ ‘ಆಲ್ಟರ್ ಈಗೊ’ ಎಂಬ ಅಭಿಮಾನಿ ಪತ್ರಿಕೆ ಶುರುಮಾಡಿದರು. ‘ಲೀಜನ್ ಆಫ್ ಸೂಪರ್‌ಹೀರೋಸ್’ ಸರಣಿಯಲ್ಲಿ ತಂಡದ ನಾಯಕನನ್ನು ಓದುಗರೇ ಮತ ಹಾಕಿ ಆರಿಸುತ್ತಿದ್ದರು. ಅದೇ ಸರಣಿಗೆ ಜಿಮ್ ಶೂಟರ್ ಎಂಬ ಓದುಗ ತಾನೇ ಕಥೆ ಬರೆದು ಕಳಿಸಿದ. 1966ರಲ್ಲಿ ಅದು ಅಚ್ಚಾದಾಗ ಅವನಿಗೆ ಹದಿನಾಲ್ಕು ವರ್ಷ. ಥಾಮಸ್ ಮತ್ತು ಶೂಟರ್ ಇಬ್ಬರೂ ಮುಂದೆ ಮಾರ್ವೆಲ್‌ನ ಪ್ರಧಾನ ಸಂಪಾದಕರಾದರು. ಹಾಗಾಗಿ 1970ರ ನಂತರದ ಜಗಳಗಳನ್ನು ಓದುಗರಿಗೂ ಸಂಸ್ಥೆಗೂ ನಡೆದ ಜಗಳ ಎಂದು ಎರಡು ಪಾಲು ಮಾಡಿ ಹೇಳುವುದು ಸರಿಹೊಂದುವುದಿಲ್ಲ.

‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 121ನೇ ಸಂಚಿಕೆಯಲ್ಲಿ (ಮುಖಪುಟದ ತಿಂಗಳು ಜೂನ್ 1973) ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ಕಥೆ ಜೆರಿ ಕಾನ್ವೇಯದು, ಚಿತ್ರ ಗಿಲ್ ಕೇನ್‌ರದು. ಗುಟ್ಟು ಬಯಲಾಗದಿರಲೆಂದು ಕಥೆಯ ಹೆಸರನ್ನು ಕೊನೆಯ ಪುಟದಲ್ಲಿ ಹಾಕಲಾಗಿತ್ತು. ಅವಳನ್ನು ಕೊಲ್ಲುವ ತೀರ್ಮಾನ ಯಾರದು ಎಂಬುದರಲ್ಲಿ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ಸಾಯಿಸಬೇಕೆಂದಿದ್ದದ್ದು ನಾಯಕನ ದೊಡ್ಡಮ್ಮ ಮೇಯನ್ನು, ಗ್ವೆನ್ ಹೆಸರು ಸೂಚಿಸಿದವರು ಚಿತ್ರಕಾರ ಜಾನ್ ರೊಮಿಟಾ ಎಂಬುದು ಒಂದು ನಿರೂಪಣೆ. ಮಾರ್ವೆಲ್‌ನ ಪ್ರಕಾಶಕರಾಗಿದ್ದ ಸ್ಟ್ಯಾನ್ ಲೀ ತಾವು ಆಗ ಪ್ರವಾಸದ ಗಡಿಬಿಡಿಯಲ್ಲಿದ್ದುದಾಗಿಯೂ ಒಪ್ಪಿಗೆ ಕೊಟ್ಟ ನೆನಪಿಲ್ಲವೆಂದೂ ಹೇಳುತ್ತ ಬಂದರು. ಅವರ ಒಪ್ಪಿಗೆಯಿಲ್ಲದೆ ಅಂಥ ಕಥೆ ಅಚ್ಚಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲವೆಂದು ಕಾನ್ವೇ, ಥಾಮಸ್, ರೊಮಿಟಾ ಮೂವರೂ ಹೇಳಿದ್ದಾರೆ. ಮೂವರ ಮಾತು ಒಂದೇ ಕಡೆ ವಾಲುವುದರಿಂದ ಹೆಚ್ಚಿನ ಇತಿಹಾಸಕಾರರು ಅದನ್ನೇ ನಂಬುತ್ತಾರೆ. ಆದರೆ ಕಾಲೇಜುಗಳಲ್ಲಿ ಭಾಷಣಕ್ಕೆ ಹೋದಾಗಲೆಲ್ಲ ವಿದ್ಯಾರ್ಥಿಗಳ ಸಿಟ್ಟಿಗೆ ಉತ್ತರ ಹೇಳಬೇಕಾದವರು ಲೀ ಎಂಬುದನ್ನೂ ನೆನೆಯಬೇಕು.

ಸಾವಿನ ಕಾರಣವೂ ವಿವಾದವಾಯಿತು. ಸೇತುವೆಯಿಂದ ಬೀಳುತ್ತಿದ್ದವಳನ್ನು ಸ್ಪೈಡರ್‌ಮ್ಯಾನ್ ತನ್ನ ಬಲೆಯಿಂದ ಹಿಡಿದು ನಿಲ್ಲಿಸುತ್ತಾನೆ; ಕತ್ತಿನ ಬಳಿ ‘ಸ್ನ್ಯಾಪ್’ ಎಂಬ ಸಣ್ಣ ಅಕ್ಷರಗಳಿವೆ. ಅಷ್ಟು ಎತ್ತರದಿಂದ ಬಿದ್ದ ರಭಸಕ್ಕೇ ಅವಳು ಸತ್ತಳೆಂದು ಕಥೆಯೊಳಗೆ ಖಳನಾಯಕ ಹೇಳುತ್ತಾನೆ. ಓದುಗರು ಒಪ್ಪದೆ ಬರೆದರು. 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಸಂಪಾದಕರ ಉತ್ತರ ಬಂತು: ಬೀಳುವಿಕೆ ಥಟ್ಟನೆ ನಿಂತಾಗ ಆದ ಹೊಡೆತವೇ ಕತ್ತು ಮುರಿಯಿತು. ಅಂದರೆ ನಾಯಕನ ಕೈಯಿಂದಲೇ ಸಾವಾಯಿತೆಂಬ ಸಂಗತಿ ಸ್ಥಿರಪಟ್ಟದ್ದು ಕಥೆಯಲ್ಲಲ್ಲ, ಪತ್ರಗಳ ಪುಟದಲ್ಲಿ. (ಭೌತವಿಜ್ಞಾನಿ ಜೇಮ್ಸ್ ಕಕಾಲಿಯೋಸ್ ಮುಂದೆ ತಮ್ಮ ಪುಸ್ತಕದಲ್ಲಿ ಲೆಕ್ಕ ಹಾಕಿ ಇದೇ ಉತ್ತರಕ್ಕೆ ಬಂದರು.) ಅವಳನ್ನು ಮರಳಿ ತರಲು ಲೀ ಒತ್ತಾಯಿಸಿದಾಗ ಕಾನ್ವೇ 1975ರಲ್ಲಿ ಅವಳ ತದ್ರೂಪಿಯೊಂದನ್ನು, ಅಂದರೆ ಕ್ಲೋನ್ ಒಂದನ್ನು ತಂದು ಮತ್ತೆ ಸಾಗಹಾಕಿದರು. ಅದೇ ಕಥೆಯಲ್ಲಿ ಸ್ಪೈಡರ್‌ಮ್ಯಾನ್‌ಗೂ ಒಂದು ಕ್ಲೋನ್ ಹುಟ್ಟಿತು. 1994ರಿಂದ 1996ರವರೆಗೆ ಎಳೆದಾಡಿದ ‘ಕ್ಲೋನ್ ಸಾಗಾ’ಕ್ಕೆ ಮೂಲ ಇದು. ಇಷ್ಟು ವರ್ಷ ಓದಿದ ನಾಯಕನೇ ನಕಲಿ ಎಂದು ಅಲ್ಲಿ ಸಾರಲಾಯಿತು, ಕೊನೆಗೆ ಅಲ್ಲವೆಂದು ಹಿಂತೆಗೆದುಕೊಳ್ಳಲಾಯಿತು. 1973ರ ಓದುಗರ ಸಿಟ್ಟು ಇಪ್ಪತ್ತು ವರ್ಷ ದಾಟಿ ಮತ್ತೊಂದು ಪೀಳಿಗೆಯ ಸಿಟ್ಟಿಗೆ ಕಾರಣವಾಯಿತೆನ್ನಲು ಇಷ್ಟು ನೇರವಾದ ಇನ್ನೊಂದು ನಿದರ್ಶನವಿಲ್ಲ.

1980ರ ಎರಡು ಪ್ರಕರಣಗಳಲ್ಲಿ ಮಾರ್ವೆಲ್‌ನ ಎಕ್ಸ್-ಮೆನ್ ತಂಡದ ಜೀನ್ ಗ್ರೇಯ ಸಾವು ಹೆಚ್ಚು ಪ್ರಸಿದ್ಧ. ಒಂದಿಡೀ ಗ್ರಹವನ್ನು ನಾಶಮಾಡಿದವಳನ್ನು ಶಿಕ್ಷೆಯಿಲ್ಲದೆ ಬಿಡಲಾಗದೆಂದು ಹಟ ಹಿಡಿದು ಅಂತ್ಯ ಬದಲಿಸಿದವರು ಅದೇ ಜಿಮ್ ಶೂಟರ್. 1986ರಲ್ಲಿ ಅವಳು ಮರಳಿದಳು. ಸತ್ತವಳು ಅವಳೇ ಅಲ್ಲ, ಅವಳ ರೂಪ ತಾಳಿದ ಶಕ್ತಿ ಎಂಬ ಉಪಾಯವನ್ನು ಹೊಸೆದಾಗ, ಮುಂದೆ ಕಥೆಗಾರನಾದ ಕರ್ಟ್ ಬ್ಯೂಸಿಕ್ ಇನ್ನೂ ಬರಿಯ ಅಭಿಮಾನಿ. ಎರಡನೆಯದು ‘ಅವೆಂಜರ್ಸ್’ನ 200ನೇ ಸಂಚಿಕೆ. ಅಲ್ಲಿ ಮಿಸ್ ಮಾರ್ವೆಲ್ ಆದ ಕ್ಯಾರಲ್ ಡ್ಯಾನ್ವರ್ಸ್ ಕಾರಣ ತಿಳಿಯದ ಬಸಿರು ಹೊತ್ತು, ಅವಳ ಮನಸ್ಸನ್ನು ಯಂತ್ರದಿಂದ ತಿರುಗಿಸಿದವನ ಜೊತೆಗೇ ಹೊರಟುಹೋಗುತ್ತಾಳೆ. ಜೊತೆಗಾರರು ಹರಸಿ ಕಳಿಸುತ್ತಾರೆ. ಇದು ಅತ್ಯಾಚಾರವಲ್ಲದೆ ಬೇರೇನಲ್ಲವೆಂದು ಕ್ಯಾರಲ್ ಸ್ಟ್ರಿಕ್‌ಲ್ಯಾಂಡ್ ಅಭಿಮಾನಿ ಪತ್ರಿಕೆಯೊಂದರಲ್ಲಿ ಬರೆದರು. 1981ರ ವಾರ್ಷಿಕ ಸಂಚಿಕೆಯಲ್ಲಿ ಕಥೆಗಾರ ಕ್ರಿಸ್ ಕ್ಲೇರ್‌ಮಾಂಟ್ ಮಿಸ್ ಮಾರ್ವೆಲ್‌ಳನ್ನು ವಾಪಸು ಕರೆತಂದು ಆ ಜೊತೆಗಾರರನ್ನು ಅವಳ ಬಾಯಿಂದಲೇ ತರಾಟೆಗೆ ತೆಗೆದುಕೊಂಡರು. ಪತ್ರಗಳ ಪುಟವನ್ನಷ್ಟೇ ನೋಡಿ ಬರೆದರೆ ಇಂಥ ಪ್ರತಿಕ್ರಿಯೆ ಕಣ್ತಪ್ಪಿಹೋಗುತ್ತದೆ.

ಓದುಗರ ಅಭಿಪ್ರಾಯವನ್ನು ಸಂಸ್ಥೆಯೇ ಎಣಿಸಿ ಅಂಕಿ ಕೊಟ್ಟದ್ದು 1988ರಲ್ಲಿ. ಬ್ಯಾಟ್‌ಮ್ಯಾನ್‌ನ ಸಹಾಯಕ ರಾಬಿನ್ ಆದವರಲ್ಲಿ ಎರಡನೆಯವನಾದ ಜೇಸನ್ ಟಾಡ್ ಸ್ಫೋಟಕ್ಕೆ ಸಿಕ್ಕುವಲ್ಲಿ 427ನೇ ಸಂಚಿಕೆ ಮುಗಿಯುತ್ತದೆ. ಹಿಂಬದಿಯಲ್ಲಿ ಎರಡು ದೂರವಾಣಿ ಸಂಖ್ಯೆ: ಒಂದು ಬದುಕಿಗೆ, ಒಂದು ಸಾವಿಗೆ. ಕರೆಗೆ 50 ಸೆಂಟ್, ಅವಧಿ 36 ಗಂಟೆ. ಸಾವಿಗೆ 5,343, ಬದುಕಿಗೆ 5,271, ಅಂತರ 72. ಚಿತ್ರಕಾರ ಜಿಮ್ ಅಪಾರೊ ಎರಡೂ ಅಂತ್ಯಕ್ಕೆ ಬೇಕಾದ ಪುಟಗಳನ್ನು ಮುಂಚಿತವಾಗಿಯೇ ಬರೆದಿಟ್ಟಿದ್ದರು. ದೂರದರ್ಶನದ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಎಡ್ಡಿ ಮರ್ಫಿ ಒಂದು ಲಾಬ್‌ಸ್ಟರ್ ಸೀಗಡಿಯನ್ನು ಬೇಯಿಸಬೇಕೋ ಬೇಡವೋ ಎಂದು ವೀಕ್ಷಕರಿಂದ ಕರೆ ಆಹ್ವಾನಿಸಿದ್ದು ಸಂಪಾದಕ ಡೆನ್ನಿಸ್ ಓನೀಲ್‌ಗೆ ಪ್ರೇರಣೆ.

ಓದುಗರಿಗೆ ಜೇಸನ್ ಬೇಡವಾಗಿದ್ದ, ಅದಕ್ಕೇ ಸತ್ತ ಎಂಬುದು ಪದೇ ಪದೇ ಹೇಳುತ್ತ ಬಂದ ಮಾತು. ಅಂಕಿಗಳು ಹಾಗೆ ಹೇಳುವುದಿಲ್ಲ. 10,614 ಕರೆಗಳಲ್ಲಿ ಸುಮಾರು ಅರ್ಧ ಅವನನ್ನು ಉಳಿಸಲೆಂದೇ ಬಂದವು. ಕರೆಗಳೆಂದರೆ ಜನರೂ ಅಲ್ಲ: ದುಡ್ಡು ತೆತ್ತರೆ ಒಬ್ಬನೇ ಎಷ್ಟು ಸಲವಾದರೂ ಕರೆ ಮಾಡಬಹುದಿತ್ತು. ಯಾರೋ ಒಬ್ಬರು ಕಂಪ್ಯೂಟರ್‌ಗೆ ಹೇಳಿಕೊಟ್ಟು ಸಾವಿನ ಸಂಖ್ಯೆಗೆ ಗಂಟೆಗಟ್ಟಲೆ ಕರೆ ಹೋಗುವಂತೆ ಮಾಡಿದ್ದರೆಂದು ತಾವು ಕೇಳಿದ್ದನ್ನು ಓನೀಲ್ ನಂತರ ಹೇಳಿದರು. ಅದು ನಿಜವಾದರೆ 72ರ ಅಂತರ ಅಲ್ಲಿಗೇ ಕರಗಿಹೋಗುತ್ತದೆ. ಆದರೆ ಕೇಳಿದ ಮಾತಿಗಿಂತ ಗಟ್ಟಿಯಾದ ಆಧಾರವನ್ನು ಅವರು ಕೊಡಲಿಲ್ಲ. ಯಾವ ಜೇಸನ್ ಎಂಬ ಪ್ರಶ್ನೆಯೂ ಉಂಟು. 1983ರಲ್ಲಿ ಬಂದ ಹುಡುಗ ಸಾಧು ಸ್ವಭಾವದವನು. 1987ರಲ್ಲಿ ಪೂರ್ವಕಥೆ ಬದಲಿಸಿ ಅವನನ್ನು ಬೀದಿಯಲ್ಲಿ ಬೆಳೆದ ಮುಂಗೋಪಿಯಾಗಿಸಲಾಗಿತ್ತು. ಮತಕ್ಕೆ ನಿಂತದ್ದು ಈ ಎರಡನೆಯವನು, ಅವನ ಕಥೆ ಬರೆಯುತ್ತಿದ್ದ ಜಿಮ್ ಸ್ಟಾರ್ಲಿನ್‌ಗೂ ರಾಬಿನ್ ಪಾತ್ರವೇ ಇಷ್ಟವಿರಲಿಲ್ಲ. ಜನಮತ ಎನ್ನಿಸಿಕೊಂಡದ್ದನ್ನು ಕಥೆಗಾರ ಮೊದಲೇ ಸಾಕಷ್ಟು ಹದಮಾಡಿದ್ದನೆನ್ನಲು ಅಡ್ಡಿಯಿಲ್ಲ. ಪಾತ್ರ 2005ರಲ್ಲಿ ಜೀವಂತ ಮರಳಿತು. ಅವನು ಬದುಕುಳಿಯುವ ಅಂತ್ಯದ ಪುಟಗಳೊಂದಿಗೆ 428ನೇ ಸಂಚಿಕೆಯನ್ನು ಡಿಸಿ 2023ರ ಡಿಸೆಂಬರ್‌ನಲ್ಲಿ ಹೊಸದಾಗಿ ಅಚ್ಚು ಮಾಡಿ ಮಾರಿತು.

1990ರ ದಶಕದ ಸಂಗತಿಗಳನ್ನು ಎಲ್ಲೆಡೆ ವಿಸ್ತಾರವಾಗಿ ಬರೆಯಲಾಗಿದೆ. ಸೂಪರ್‌ಮ್ಯಾನ್ ಸತ್ತು ಮರುವರ್ಷ ಎದ್ದ; ಪ್ರತಿಗಳನ್ನು ಮುಂದೆ ಬೆಲೆ ಬರುತ್ತದೆಂದು ಕೂಡಿಟ್ಟವರೇ ಬಹಳ. 1994ರಲ್ಲಿ ಗ್ರೀನ್ ಲ್ಯಾಂಟರ್ನ್ ಎಂಬ ನಾಯಕನಾಗಿದ್ದ ಹಾಲ್ ಜಾರ್ಡನ್‌ನನ್ನು ಮೂರು ಸಂಚಿಕೆಗಳಲ್ಲಿ ಕೊಲೆಗಾರನನ್ನಾಗಿ ಮಾಡಿದಾಗ ‘ಹೀಟ್’ ಎಂಬ ಅಭಿಮಾನಿ ಗುಂಪು ಹುಟ್ಟಿ, ದುಡ್ಡು ಕೂಡಿಸಿ ‘ವಿಝರ್ಡ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. 2004ರಲ್ಲಿ ಜೆಫ್ ಜಾನ್ಸ್ ಅವನನ್ನು ಮರಳಿ ತಂದರು. ಹತ್ತು ವರ್ಷದ ಅಂತರವಿರುವುದರಿಂದ ಇದನ್ನು ಆ ಗುಂಪಿನ ಗೆಲುವೆಂದು ಸರಳವಾಗಿ ಬರೆಯಲಾಗದು. ಹಾಲ್‌ನ ಜಾಗಕ್ಕೆ ಬಂದವನ ಗೆಳತಿಯನ್ನು ಕೊಂದು ಫ್ರಿಜ್‌ನಲ್ಲಿ ತುರುಕಿದ ದೃಶ್ಯದಿಂದ ಹೆಸರು ಪಡೆದು, ನಾಯಕರ ದುಃಖಕ್ಕಾಗಿ ಬಲಿಯಾದ ಹೆಣ್ಣು ಪಾತ್ರಗಳ ಪಟ್ಟಿಯನ್ನು ಗೇಲ್ ಸಿಮೋನ್ 1999ರಲ್ಲಿ ಪ್ರಕಟಿಸಿದರು. ಮುಂದೆ ಅವರೂ ಡಿಸಿಯ ಹೆಸರಾಂತ ಕಥೆಗಾರ್ತಿಯಾದರು.

ಇಂಟರ್‌ನೆಟ್ ಬಂದಮೇಲೆ ಪ್ರತಿಕ್ರಿಯೆಯನ್ನು ಆರಿಸಿ ತೋರಿಸುವ ಅಧಿಕಾರ ಸಂಪಾದಕರ ಕೈತಪ್ಪಿತು. ಯಾರ ಸದ್ದು ಎಷ್ಟು ಜನರ ಸದ್ದು ಎಂದು ಅಳೆಯುವುದು ಸುಲಭವಾಗಲಿಲ್ಲ. 2016ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಅಮೆರಿಕ ಮೊದಲಿನಿಂದಲೂ ಹೈಡ್ರಾ ಎಂಬ ಫ್ಯಾಸಿಸ್ಟ್ ಸಂಘಟನೆಯವನೆಂದು ನಿಕ್ ಸ್ಪೆನ್ಸರ್ ಬರೆದಾಗ ತೀವ್ರ ವಿರೋಧ ಬಂತು. ಆ ಪಾತ್ರವನ್ನು ನಾಜಿಗಳ ವಿರುದ್ಧ ಸೃಷ್ಟಿಸಿದ ಜೋ ಸೈಮನ್ ಮತ್ತು ಜಾಕ್ ಕರ್ಬಿ ಇಬ್ಬರೂ ಯಹೂದಿಗಳೆಂಬುದು ಆ ವಿರೋಧದ ತಿರುಳು. ಮರುವರ್ಷ ಮಾರ್ವೆಲ್ ಕಥೆ ಮುಗಿಯುವವರೆಗೆ ತಾಳ್ಮೆ ಕೋರಿ ಹೇಳಿಕೆ ಹೊರಡಿಸಬೇಕಾಯಿತು.

ದೀರ್ಘಕಾಲ ಆರದೆ ಉಳಿದದ್ದು ಸ್ಪೈಡರ್‌ಮ್ಯಾನ್ ಮದುವೆಯ ತಕರಾರು. ಸ್ಪೈಡರ್‌ಮ್ಯಾನ್ ವೇಷದ ಹಿಂದಿನ ಪೀಟರ್ ಪಾರ್ಕರ್ ಮತ್ತು ಅವನ ಪ್ರೇಯಸಿ ಮೇರಿ ಜೇನ್ 1987ರಲ್ಲಿ ಮದುವೆಯಾದರು. ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ವೇಷಧಾರಿಗಳಿಂದ ಆ ಮದುವೆ ಮಾಡಿಸಿಯೂ ತೋರಿಸಲಾಯಿತು. 2007ರ ‘ಒನ್ ಮೋರ್ ಡೇ’ ಕಥೆಯಲ್ಲಿ ಪೀಟರ್‌ನ ದೊಡ್ಡಮ್ಮ ಮೇಯ ಜೀವ ಉಳಿಸಲು ದಂಪತಿಗಳು ಮೆಫಿಸ್ಟೊ ಎಂಬ ದೆವ್ವಕ್ಕೆ ತಮ್ಮ ಮದುವೆಯನ್ನೇ ಒಪ್ಪಿಸುತ್ತಾರೆ, ಅದು ಎಂದೂ ನಡೆದಿರಲಿಲ್ಲವೆಂದಾಗುತ್ತದೆ. ಮದುವೆಯಾದ ನಾಯಕ ಕಥೆಗೆ ಭಾರವೆಂಬುದು ಪ್ರಧಾನ ಸಂಪಾದಕ ಜೋ ಕ್ವೆಸಾಡಾ ಬಹಿರಂಗವಾಗಿ ಹೇಳುತ್ತಿದ್ದ ಮಾತು. ಕೊನೆಯ ಭಾಗಗಳಿಂದ ತಮ್ಮ ಹೆಸರು ತೆಗೆಸಲು ಯೋಚಿಸಿದ್ದಾಗಿ ಕಥೆಗಾರ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿಯೇ ತಿಳಿಸಿದ್ದರಿಂದ ವಿರೋಧಿಗಳಿಗೆ ಬಲ ಬಂತು. ಸಂಚಿಕೆಗಳು ಮಾತ್ರ ಚೆನ್ನಾಗಿಯೇ ಮಾರಾಟವಾದವು. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಬೇರೊಂದು ಲೋಕದ ಪೀಟರ್‌ನನ್ನು ಹೆಂಡತಿ ಮಕ್ಕಳೊಡನೆ ತೋರಿಸುವ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಆರಂಭಿಸಿದರು, ಮೊದಲ ಸಂಚಿಕೆ ಮತ್ತೆ ಮತ್ತೆ ಮರುಮುದ್ರಣವಾಯಿತು. ಮೂಲ ಸರಣಿಯಲ್ಲಿ ಆ ವರ್ಷವೂ ಪೀಟರ್ ಅವಿವಾಹಿತನಾಗಿಯೇ ಇದ್ದ.