ಪಹಣಿಯನ್ನು ಓದುವ ಹಕ್ಕು, ಬರೆಯುವ ಹಕ್ಕು

ದಾಖಲೆಯ ಚರಿತ್ರೆಯೆಂದರೆ ಅದನ್ನು ವಶದಲ್ಲಿಟ್ಟುಕೊಂಡವರ ಚರಿತ್ರೆಯೆಂದು ಭಾವಿಸುವುದುಂಟು. ಆದರೆ ದಾಖಲೆಯನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬವು ಎರಡು ಬೇರೆ ಪ್ರಶ್ನೆಗಳು. ಇವು ಬೇರ್ಪಟ್ಟ ಬಗೆಯನ್ನು ರಾಮಕುಂಜದಂತಹ ಗ್ರಾಮದ ಪಹಣಿಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಈ ಗ್ರಾಮವು ೧೯೫೬ರ ವರೆಗೆ ಮದರಾಸಿನ ಆಡಳಿತದಲ್ಲಿತ್ತು. ಪಹಣಿಗೆ ಅಲ್ಲಿ ಅಡಂಗಲ್ ಎಂದು ಹೆಸರು. ೧೯೬೪ರ ಭೂಕಂದಾಯ ಅಧಿನಿಯಮದ ೧೩೩ನೆಯ ಪ್ರಕರಣದ ಪ್ರಕಾರ, ಪಹಣಿಯ ನಮೂದನ್ನು ಅನ್ಯಥಾ ಸಿದ್ಧವಾಗುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದು. ೧೯೭೪ರ ಮಾರ್ಚ್ ೧ರಂದು ಗೇಣಿಭೂಮಿಗಳು ಸರ್ಕಾರಕ್ಕೆ ನಿಹಿತವಾದಾಗ ಇದರ ಮಹತ್ವವು ವ್ಯಕ್ತವಾಯಿತು. ಭೂನ್ಯಾಯಮಂಡಲಿಯ ಮುಂದೆ ನಿಂತ ಒಕ್ಕಲಿಗೆ ಪಹಣಿಯಲ್ಲಿ ತನ್ನ ಹೆಸರಿದ್ದರೆ ಅದೇ ಬಲ. ಇಲ್ಲದಿದ್ದರೆ ಸಾಕ್ಷ್ಯಕ್ಕಾಗಿ ಅಲೆಯಬೇಕು. ಪ್ರಮಾಣೀಕರಿಸುವ ಅಧಿಕಾರವು ಮೇಲಿನವರದಾದರೂ ಪುಸ್ತಕವೂ ಲೇಖನಿಯೂ ಗ್ರಾಮಲೆಕ್ಕಿಗನ ಕೈಯಲ್ಲಿದ್ದವು. ಓದಲು ಅವಕಾಶವಿಲ್ಲದವನಿಗೆ ತಿದ್ದುಪಡಿಯಾದುದೂ ತಿಳಿಯದು.

ಇದೇ ಪ್ರಶ್ನೆಯನ್ನು ಗಣಕಯಂತ್ರದ ನಿರ್ಮಾಪಕರೂ ಎದುರಿಸಬೇಕಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಮೊದಲಾದವರು ೧೯೬೯ರಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯನ್ನು ಹಲವರು ಏಕಕಾಲದಲ್ಲಿ ಬಳಸಬಹುದಾಗಿತ್ತು. ೧೯೭೧ರ ಮೊದಲ ಕೈಪಿಡಿಯಲ್ಲಿ ಒಡೆಯ, ಇತರರು ಎಂಬ ಎರಡೇ ವರ್ಗಗಳಿದ್ದವು. ಗುಂಪು ಎಂಬುದು ಅನಂತರ ಸೇರಿತು. ಪ್ರತಿಯೊಂದು ವರ್ಗಕ್ಕೂ ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಅಂಕಗಳು. ೬೪೪ ಎಂಬ ಗುರುತುಳ್ಳ ಕಡತವನ್ನು ಎಲ್ಲರೂ ಓದಬಹುದು. ಒಡೆಯನು ಮಾತ್ರ ತಿದ್ದಬಹುದು. ಸಾಮಾನ್ಯನು ತಾನು ನೇರವಾಗಿ ಮುಟ್ಟಲಾಗದ ಗುಪ್ತಪದದ ಕಡತವನ್ನು ನಿಯತವಾದ ಒಂದು ಕ್ರಮವಿಧಿಯ ಮೂಲಕವೇ, ತನಗೆ ಸಂಬಂಧಿಸಿದಷ್ಟು ಮಾತ್ರ, ಬದಲಿಸಬಹುದು. ಈ ಉಪಾಯಕ್ಕೆ ರಿಚೀಯವರಿಗೆ ೧೯೭೯ರಲ್ಲಿ ಸ್ವಾಮ್ಯಪತ್ರ ದೊರೆಯಿತು.

ಕರ್ನಾಟಕದ ‘ಭೂಮಿ’ ಯೋಜನೆಯ ಯಂತ್ರವ್ಯವಸ್ಥೆ ಬೇರೆಯಾದರೂ ತತ್ತ್ವ ಇದೇ. ಈ ಶತಮಾನದ ಆರಂಭದಲ್ಲಿ ೧೭೭ ತಾಲ್ಲೂಕುಗಳ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ೧೫ ರೂಪಾಯಿ ತೆತ್ತ ಯಾರಿಗಾದರೂ ಪ್ರತಿ ದೊರೆಯತೊಡಗಿತು; ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಓದು ಸಾರ್ವಜನಿಕವಾಯಿತು. ಬರಹವಾದರೋ ಬೆರಳಚ್ಚು ಒತ್ತಿ ಒಳಹೊಕ್ಕ ಅಧಿಕಾರಿಗೆ ಮಾತ್ರ, ಅರ್ಜಿಗಳು ಬಂದ ಸರದಿಯಂತೆಯೇ, ಸಾಧ್ಯವಾಯಿತು.

ಆದರೆ ಅನುಮತಿಯ ಏರ್ಪಾಡು ಸರ್ವರಕ್ಷೆಯಲ್ಲ. ಯುನಿಕ್ಸಿನಲ್ಲಿ ಎಲ್ಲ ನಿರ್ಬಂಧಗಳನ್ನೂ ಮೀರಬಲ್ಲ ಮಹಾಬಳಕೆದಾರನೊಬ್ಬನಿರುತ್ತಾನೆ. ೨೦೨೫ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ ೨.೦ ತಂತ್ರಾಂಶವು ಕೃತಕ ಕೋರಿಕೆಗಳ ದಾಳಿಯಿಂದ ಕುಂಠಿತವಾದುದು ಇನ್ನೊಂದು ನಿದರ್ಶನ. ಬರೆಯುವ ಹಕ್ಕನ್ನು ಕದಿಯದೆಯೂ ಕೆಲಸವನ್ನು ನಿಲ್ಲಿಸಬಹುದು. ಅಲ್ಲದೆ, ಯಂತ್ರವು ಬೆರಳನ್ನು ಗುರುತಿಸೀತೇ ಹೊರತು ನಮೂದಿನ ಸತ್ಯಾಸತ್ಯವನ್ನಲ್ಲ. ಅದನ್ನು ಗುರುತಿಸಬಲ್ಲವನು ತನ್ನ ಹೊಲವನ್ನು ತಾನು ಬಲ್ಲ ರೈತ. ಆದುದರಿಂದ ಓದುವ ಹಕ್ಕು ಕೇವಲ ಸೌಕರ್ಯವಲ್ಲ. ಬರೆಯುವ ಹಕ್ಕಿನ ಮೇಲಣ ಕಾವಲು ಅದು.