ಬಾಯ್ಲರ್ ಕಾರ್ಖಾನೆಯಿಂದ ರೋಗಿಯ ಹಾಸಿಗೆಯವರೆಗೆ

1955ರ ಜುಲೈ ತಿಂಗಳು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಸ್ಕಾಟ್ಲೆಂಡಿನ ರೆನ್‌ಫ್ರೂ ಎಂಬಲ್ಲಿದ್ದ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋದರು. ಕಾರಿನಲ್ಲಿ ತಂದಿದ್ದದ್ದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು! ಲೋಹದೊಳಗಿನ ಬಿರುಕನ್ನು ಪ್ರತಿಧ್ವನಿಯಿಂದ ಪತ್ತೆಹಚ್ಚುವ ಯಂತ್ರ ಅಲ್ಲಿತ್ತು. ಹೋಲಿಕೆಗೆಂದು ಕಾರ್ಖಾನೆಯವರು ದನದ ಮಾಂಸದ ಒಂದು ತುಂಡನ್ನೂ ತರಿಸಿಟ್ಟಿದ್ದರು. ಗಟ್ಟಿ ಗಡ್ಡೆ ಒಂದು ಬಗೆಯ ಪ್ರತಿಧ್ವನಿ ಕೊಟ್ಟಿತು, ನೀರು ತುಂಬಿದ ಗಡ್ಡೆ ಇನ್ನೊಂದು ಬಗೆಯದು. ಡೊನಾಲ್ಡರಿಗೆ ಬೇಕಾಗಿದ್ದದ್ದು ಅಷ್ಟೇ.

ತತ್ತ್ವ ನಾವು ಕಾಲೇಜಿನಲ್ಲಿ ಓದಿದ್ದೇ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. ಹೊರಟ ಧ್ವನಿ ಮರಳಲು ಹಿಡಿದ ಸಮಯವೇ ಆಳದ ಲೆಕ್ಕ. ಮೃದು ಅಂಗಾಂಶಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್.

1958ರಲ್ಲಿ ಡೊನಾಲ್ಡ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಬ್ಬ ಮಹಿಳೆಯ ವಿಷಯವಿದೆ. ಆಕೆಗೆ ಶಸ್ತ್ರಚಿಕಿತ್ಸೆಗೂ ಮೀರಿದ ಹೊಟ್ಟೆಯ ಕ್ಯಾನ್ಸರ್ ಎಂದು ವೈದ್ಯರು ಕೈಬಿಟ್ಟಿದ್ದರು. ಯಂತ್ರ ತೋರಿಸಿದ್ದು ಅಂಡಾಶಯದ ದೊಡ್ಡದೊಂದು ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದಳು.

ಆದರೆ ಯಂತ್ರ ಭಾರಿ ಗಾತ್ರದ್ದು, ರೋಗಿಯೇ ಅದರ ಬಳಿಗೆ ಹೋಗಬೇಕು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ 1970ರ ದಶಕದ ಕೊನೆಗೆ ಬ್ಯಾಟರಿಯಿಂದ ನಡೆಯುವ, ಕೈಯಲ್ಲೇ ಹಿಡಿಯಬಹುದಾದ 'ಮಿನಿವೈಸರ್' ರೂಪುಗೊಂಡಿತು. ಚಿತ್ರ ಮಾತ್ರ ಸಾಧಾರಣ. ಚಿತ್ರ ಮಸುಕಾದರೆ ನಮ್ಮ ವೀಕ್ಷಕರು ಚಾನೆಲ್ ಬದಲಿಸಿಬಿಡುತ್ತಾರೆ. ಪಾಪ, ವೈದ್ಯರಿಗೆ ಆ ಸೌಕರ್ಯವಿಲ್ಲ. ಮುಂದೆ ರಣರಂಗದ ಗಾಯಾಳುಗಳಿಗಾಗಿ ಅಮೆರಿಕದ ರಕ್ಷಣಾ ಇಲಾಖೆ ಹಣ ಹೂಡಿತು. ಅದರ ಫಲವಾಗಿ 1999ರಲ್ಲಿ ಎರಡೂವರೆ ಕಿಲೋ ತೂಕದ ಸೋನೋಸೈಟ್ ಯಂತ್ರ ಬಂತು. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಬಟರ್‌ಫ್ಲೈ' ಉಪಕರಣದಲ್ಲಿ ಹರಳೂ ಇಲ್ಲ. ಸಿಲಿಕಾನ್ ಚಿಪ್ಪೇ ಕಂಪಿಸುತ್ತದೆ, ಮೊಬೈಲ್ ಫೋನೇ ತೆರೆಯಾಗುತ್ತದೆ. ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ, ಹೃದಯದ ಸುತ್ತ ನೀರು ತುಂಬಿದೆಯೇ ಎಂಬುದನ್ನು ರೋಗಿಯನ್ನು ಅಲುಗಾಡಿಸದೆ ಹಾಸಿಗೆಯ ಪಕ್ಕದಲ್ಲೇ ನಿಮಿಷಗಳಲ್ಲಿ ನೋಡಬಹುದು.

ಹಾಗಿದ್ದರೆ ನಮ್ಮ ಹಳ್ಳಿಯ ವೈದ್ಯರ ಜೇಬಿನಲ್ಲಿ ಇದೇಕಿಲ್ಲ? ಬೆಲೆಯೊಂದೇ ಕಾರಣವಲ್ಲ. ಇದೇ ಧ್ವನಿಯಿಂದ ಗರ್ಭದಲ್ಲಿರುವುದು ಹೆಣ್ಣೆಂದು ತಿಳಿದು ಅಳಿಸಿಹಾಕಿದವರು ನಾವು. 1991ರ ಜನಗಣತಿಯಲ್ಲಿ ಆರು ವರ್ಷದವರೆಗಿನ 1,000 ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆ 1996ರ ಜನವರಿ 1ರಂದು ಜಾರಿಗೆ ಬಂತು. ಯಂತ್ರ ಚಿಕ್ಕದಾದಷ್ಟೂ ಬಚ್ಚಿಟ್ಟು ಒಯ್ಯುವುದು ಸುಲಭವಲ್ಲವೇ? ಹಾಗಾಗಿ 2012ರ ನಿಯಮಗಳು ಅದಕ್ಕೆ ಎರಡೇ ಜಾಗ ಗೊತ್ತುಮಾಡಿದವು: ನೋಂದಾಯಿತ ಆಸ್ಪತ್ರೆಯ ಒಳರೋಗಿಗಳ ಬಳಿ, ಇಲ್ಲವೇ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕದಲ್ಲಿ. ಪ್ರಾಮಾಣಿಕ ವೈದ್ಯರಿಗೆ ಇದು ಕಿರಿಕಿರಿಯೇ, ಒಪ್ಪುತ್ತೇನೆ. ಆದರೂ ಆ 945 ಮತ್ತು 927ರ ನಡುವಿನ ಅಂತರ ನೋಡಿದಾಗ ನಿಯಮವನ್ನು ಸಡಿಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ.